ಬೆಸುಗೆಯ ಹೊಗೆ ಎಲ್ಲಿಗೆ ಹೋಗುತ್ತದೆ?

ದೊಡ್ಡವನ ಪಾದ ಚಪ್ಪಲಿಗೆ ಹಿಡಿಸದಂತಾದಾಗ ಮನೆಯವರು ಮೊದಲು ಬೈದದ್ದು ಚಪ್ಪಲಿಯನ್ನು. ಅಗ್ಗದ ಮಾಲು, ನೀರು ಬಿದ್ದು ಕುಗ್ಗಿರಬೇಕು ಎಂದರು. ಆಮೇಲೆ ಹಳೆಯ ಚಪ್ಪಲಿಯೂ ಹಿಡಿಸಲಿಲ್ಲ. ಕಾಲಿನ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತಿತ್ತು. ಬಿದ್ದ ಗುಳಿ ತುಂಬಿಕೊಳ್ಳಲು ತುಂಬ ಹೊತ್ತು ಹಿಡಿಯುತ್ತಿತ್ತು.

ಬೀದಿಯಲ್ಲಿ ಬಿಟ್ಟಿ ಸಲಹೆಗೆ ಬರವಿಲ್ಲವಲ್ಲ.

"ಉಪ್ಪು ಜಾಸ್ತಿ ತಿಂತಾನೆ, ಅದಕ್ಕೇ."

"ದಿನವಿಡೀ ಕೂತೇ ಇರ್ತಾನೆ, ನೀರು ಕಾಲಿಗೆ ಇಳಿದಿದೆ."

"ವಯಸ್ಸಾಯ್ತಲ್ಲಪ್ಪ."

ವಯಸ್ಸಾಯಿತಂತೆ! ಅವನಿಗೆ ಇನ್ನೂ ಐವತ್ತು ತುಂಬಿರಲಿಲ್ಲ.

ಅವನು ಅಕ್ಕಸಾಲಿಗ. ಅವನೂ ಅವನ ತಮ್ಮನೂ ಮನೆಯ ಮುಂದಿನ ಕೋಣೆಯಲ್ಲಿ ಎದುರುಬದುರು ಮಣೆ ಹಾಕಿಕೊಂಡು ಕೂತು ಸರ, ಬಳೆ, ಉಂಗುರ ಮಾಡುತ್ತಿದ್ದರು. ಬೀದಿಯವರ ಬಾಯಲ್ಲಿ ಒಬ್ಬ ದೊಡ್ಡವನು, ಇನ್ನೊಬ್ಬ ಚಿಕ್ಕವನು. ದೊಡ್ಡವನ ಹೆಂಡತಿಯನ್ನು ಚಿಕ್ಕವನು ಅತ್ತಿಗೆ ಎಂದು ಕರೆದೂ ಕರೆದೂ ಅವಳು ಇಡೀ ಬೀದಿಗೇ ಅತ್ತಿಗೆಯಾಗಿದ್ದಳು.

ಆ ಕೋಣೆಯನ್ನು ನೀವು ನೋಡಬೇಕಿತ್ತು. ನಾಲ್ಕು ಜನ ನಿಂತರೆ ಉಸಿರುಗಟ್ಟುವಷ್ಟು ಜಾಗ. ಕಿಟಕಿ ಇದೆ, ತೆಗೆಯುವಂತಿಲ್ಲ. ಗಾಳಿ ಬಂದರೆ ಊದುವ ಬೆಂಕಿ ಅಲ್ಲಾಡುತ್ತದೆ. ಫ್ಯಾನು ಇದೆ, ಹಾಕುವಂತಿಲ್ಲ. ಹಾಕಿದರೆ ಅರದಿಂದ ಉಜ್ಜಿದ ಚಿನ್ನದ ಪುಡಿ ಹಾರಿಹೋಗುತ್ತದೆ. ಸಂಜೆ ನೆಲದ ಧೂಳನ್ನೆಲ್ಲ ಗುಡಿಸಿ ಡಬ್ಬದಲ್ಲಿ ತುಂಬಿಡಬೇಕು, ಅದರಲ್ಲಿ ಚಿನ್ನ ಇರುತ್ತದೆ. ಕೈ ತೊಳೆದ ನೀರನ್ನೂ ಚೆಲ್ಲುವಂತಿಲ್ಲ, ಅದರಲ್ಲೂ ಚಿನ್ನ ಇರುತ್ತದೆ. ಆ ಧೂಳು, ಆ ನೀರು ಎರಡೂ ಇವರಿಗೆ ಚಿನ್ನ ಕೊಟ್ಟು ಕೆಲಸ ಮಾಡಿಸುತ್ತಿದ್ದ ಅಂಗಡಿ ಯಜಮಾನನಿಗೆ ಸೇರಿದ್ದು. ಅದನ್ನು ಕೊಂಡೊಯ್ಯಲು ಅವನು ತಪ್ಪದೆ ಆಳು ಕಳಿಸುತ್ತಿದ್ದ.

ಇಬ್ಬರ ಮೂಗಿನೊಳಗೆ ಏನು ಹೋಗುತ್ತಿದೆ ಎಂದು ನೋಡಲು ಮಾತ್ರ ಅವನು ಯಾರನ್ನೂ ಕಳಿಸಲಿಲ್ಲ.

ದೊಡ್ಡವನು ಕ್ಲಿನಿಕ್ಕಿಗೆ ಹೋದ. ಬಿಪಿ ಇದೆ ಎಂದು ಮಾತ್ರೆ ಬರೆದುಕೊಟ್ಟರು. ಸೊಂಟ ನೋವು ಎಂದ, ನೋವಿನ ಮಾತ್ರೆಯನ್ನೂ ಕೊಟ್ಟರು. ಅದು ಒಗ್ಗಿತು. ಆಮೇಲೆ ಚೀಟಿ ಇಲ್ಲದೆಯೇ ಔಷಧಿ ಅಂಗಡಿಯಿಂದ ತಂದು ನುಂಗತೊಡಗಿದ. ಸುಸ್ತು ಎಂದಾಗ ಟಾನಿಕ್ ಕುಡಿದ. ಊಟ ಸೇರುತ್ತಿಲ್ಲ ಎಂದಾಗ ಮತ್ತೊಬ್ಬ ಡಾಕ್ಟರ ಹತ್ತಿರ ಹೋದ. ಇಷ್ಟೆಲ್ಲ ಬಾಗಿಲು ತಟ್ಟಿದರೂ "ಏನಪ್ಪಾ, ಏನು ಕೆಲಸ ಮಾಡ್ತೀಯ?" ಎಂದು ಒಬ್ಬರೂ ಕೇಳಲಿಲ್ಲ. ಅವನಾಗಿ ಹೇಳಲೂ ಇಲ್ಲ. ಕೆಲಸಕ್ಕೂ ಕಾಯಿಲೆಗೂ ಎತ್ತಣಿಂದೆತ್ತ ಸಂಬಂಧ ಎಂದುಕೊಂಡಿದ್ದ.

ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ವಾಂತಿ ಮಾಡಿಕೊಂಡು ಬಿದ್ದ. ದೊಡ್ಡಾಸ್ಪತ್ರೆಗೆ ಎತ್ತಿಕೊಂಡು ಹೋದರು. ರಕ್ತ ನೋಡಿ ಡಾಕ್ಟರು ಹೇಳಿದರು: "ಎರಡೂ ಕಿಡ್ನಿ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿವೆ. ಡಯಾಲಿಸಿಸ್ ಶುರು ಮಾಡ್ಬೇಕು."

ಅತ್ತಿಗೆ ಅಳಲಿಲ್ಲ. "ಹೇಗೆ?" ಎಂದಳು. "ಕುಡಿಯಲ್ಲ, ಸಕ್ಕರೆ ಕಾಯಿಲೆ ಇಲ್ಲ. ಹೇಗೆ ಹೋಯ್ತು ಹೇಳಿ."

ಉತ್ತರ ಸಿಕ್ಕಿದ್ದು ಡಯಾಲಿಸಿಸ್ ವಾರ್ಡಿನಲ್ಲಿ. ಅಲ್ಲಿನ ನರ್ಸ್ ಇವರ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದವಳು, ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ದೊಡ್ಡವನನ್ನು ಹಾಸಿಗೆಯ ಮೇಲೆ ಕಂಡು ಅವಳು ಅವಾಕ್ಕಾದಳು.

"ಅಯ್ಯೋ, ನೀವಾ! ಅಣ್ಣಾ, ನೀವು ಬೆಸುಗೆಗೆ ಏನು ಹಾಕ್ತೀರಿ?"

"ಯಜಮಾನ್ರು ಕೊಡೋದನ್ನೇ ಹಾಕ್ತೀನಿ. ಬೇಗ ಕರಗುತ್ತೆ, ಒಳ್ಳೇ ಮಾಲು."

"ಅದರಲ್ಲಿ ಕ್ಯಾಡ್ಮಿಯಂ ಇದೆಯಾ?"

"ಹೂಂ. ಅದಿದ್ರೇನೇ ಅಲ್ವಾ ಬೇಗ ಕರಗೋದು?"

ಸಿಸ್ಟರ್ ಹೋಗಿ ಡಾಕ್ಟರನ್ನು ಕರೆತಂದಳು. ಮೂತ್ರವನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿದರು. ಬಂದ ಉತ್ತರ ನೋಡಿ ಡಾಕ್ಟರು ಕನ್ನಡಕ ತೆಗೆದಿಟ್ಟರು. "ಬಿಪಿ ಇದೆ, ಅದಕ್ಕೂ ಪಾಲಿದೆ. ಸಿಕ್ಕಾಪಟ್ಟೆ ನೋವಿನ ಮಾತ್ರೆ ನುಂಗಿದ್ದಾರೆ, ಅದಕ್ಕೂ ಪಾಲಿದೆ. ಆದ್ರೆ ಮೈಯೊಳಗೆ ಕ್ಯಾಡ್ಮಿಯಂ ಇರ್ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ಕಿಡ್ನಿ ಹಾಳಾಗೋಕೆ ಅದರ ಪಾಲು ಸಣ್ಣದಲ್ಲ."

ಸಂಜೆ ಸಿಸ್ಟರ್ ಮಹಡಿ ಇಳಿದು ಇವರ ಅಡುಗೆಮನೆಗೆ ಬಂದು ಬಾಗಿಲ ಬಳಿ ಕೂತಳು. ಅತ್ತಿಗೆ ಪಾತ್ರೆ ಉಜ್ಜುತ್ತಿದ್ದಳು.

"ಬಿಡಿಸಿ ಹೇಳಿ ಸಿಸ್ಟರ್. ನನಗರ್ಥ ಆಗೋ ಹಾಗೆ."

"ನೋಡಿ ಅತ್ತಿಗೆ, ಕ್ಯಾಡ್ಮಿಯಂ ಅನ್ನೋದು ಒಂದು ಲೋಹ. ಬೆಸುಗೆಗೆ ಬೆಂಕಿ ತಾಗಿದಾಗ ಹೊಗೆಯಾಗಿ ಏಳುತ್ತೆ. ಉಸಿರಿನ ಜೊತೆ ಎದೆಗಿಳಿಯುತ್ತೆ, ಅಲ್ಲಿಂದ ರಕ್ತಕ್ಕೆ ಸೇರುತ್ತೆ, ಕೊನೆಗೆ ಕಿಡ್ನಿಗೆ ಬಂದು ಬೀಡುಬಿಡುತ್ತೆ. ಹತ್ತಿಪ್ಪತ್ತು ವರ್ಷ ಕಳೆದ್ರೂ ಪೂರ್ತಿ ಹೋಗಲ್ಲ. ಬಾಡಿಗೇನೂ ಕೊಡಲ್ಲ, ಮನೇನೂ ಬಿಡಲ್ಲ, ಗೋಡೆ ಬೇರೆ ಕೊರೀತಾ ಕೂರುತ್ತೆ. ಅಂಥ ಬಾಡಿಗೆದಾರ."

"ಮತ್ತೆ ಇಷ್ಟು ದಿನ ಯಾಕೆ ಗೊತ್ತಾಗ್ಲಿಲ್ಲ?"

"ಕಿಡ್ನಿ ಮೂಕಬಸವ, ಅತ್ತಿಗೆ. ಮುಕ್ಕಾಲು ಹೋಗೋವರೆಗೂ ಬಾಯಿಬಿಡಲ್ಲ. ಶುರುವಿನಲ್ಲಿ ನೋವಿಲ್ಲ, ಉರಿ ಇಲ್ಲ. ಮೂತ್ರದಲ್ಲಿ ಪ್ರೋಟೀನ್ ಸೋರೋಕೆ ಶುರುವಾಗುತ್ತೆ, ಅಷ್ಟೇ. ಕೆಲವು ಸಲ ಮಾಮೂಲಿ ಪರೀಕ್ಷೇಲಿ ಅದೂ ಕಾಣಲ್ಲ. ಯಾವ ಕೆಲಸ ಅಂತ ಡಾಕ್ಟರಿಗೆ ಹೇಳಿದ್ರೆ ಮಾತ್ರ ಅದಕ್ಕೆ ಬೇಕಾದ ಪರೀಕ್ಷೆ ಬರೀತಾರೆ."

"ಹೊರಗೆ ತೆಗೆಯೋಕೆ ಔಷಧಿ?"

"ವರ್ಷಗಟ್ಟಲೆ ಕೂತಿರೋ ಕ್ಯಾಡ್ಮಿಯಂ ತೆಗೆಯೋಕೆ ಒಳ್ಳೇ ಔಷಧಿ ಇಲ್ಲ. ಇದೆ ಅಂತ ಯಾರಾದ್ರೂ ಪುಡಿ, ಭಸ್ಮ ಮಾರಿದ್ರೆ ನಂಬಬೇಡಿ. ಅಂಥ ಕೆಲವು ಪುಡೀಲಿ ಸೀಸ, ಪಾದರಸ ಇರುತ್ತೆ. ಗಾಯದ ಮೇಲೆ ಬರೆ."

ಅತ್ತಿಗೆಯ ಕೈ ನಿಂತಿತು. ತೊಳೆಯುತ್ತಿದ್ದ ಪಾತ್ರೆಯನ್ನು ಗೋಡೆಗೆ ಬೀಸಿ ಒಗೆದಳು. ಅದು ಠಣಾರೆಂದು ಬಿದ್ದು ಉರುಳಿತು. ಪಕ್ಕದ ಕೋಣೆಯಿಂದ ವಾರಗಿತ್ತಿ ಓಡಿಬಂದಳು.

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತ ಗಾದೆ ಕಟ್ಟಿದಾರಲ್ಲ ಜನ," ಎಂದಳು ಅತ್ತಿಗೆ, ಹಲ್ಲು ಕಚ್ಚಿ. "ಅಕ್ಕನ ಚಿನ್ನ ಕದ್ದನೋ ಇಲ್ವೋ ದೇವರಿಗೇ ಗೊತ್ತು. ಅಕ್ಕಸಾಲಿಯ ಕಿಡ್ನಿ ಕದ್ದೋರಿಗೆ ಯಾವ ಗಾದೆ ಕಟ್ಟಿದಾರೆ? ಹೇಳಿ!"

ಅಣ್ಣ ಆಸ್ಪತ್ರೆ ಸೇರಿದರೂ ತಮ್ಮ ಕೆಲಸ ನಿಲ್ಲಿಸಿರಲಿಲ್ಲ. ಅದೇ ಕೋಣೆ, ಅದೇ ಮುಚ್ಚಿದ ಕಿಟಕಿ, ಅದೇ ಬೆಸುಗೆ. ಅತ್ತಿಗೆ ಒಂದು ಮಾತು ಹೇಳಿದರೆ ಅವನು ಹತ್ತು ಮಾತು ಆಡುತ್ತಿದ್ದ. ಹೇಳಿ ಹೇಳಿ ಸಾಕಾಗಿ ಅವಳು ಒಂದು ಬೆಳಿಗ್ಗೆ ಕೋಣೆಗೆ ಬೀಗ ಜಡಿದು ಮೆಟ್ಟಿಲ ಮೇಲೆ ಕೂತಳು.

"ಅತ್ತಿಗೆ, ಕೀಲಿಕೈ ಕೊಡಿ."

"ಕೊಡಲ್ಲ."

"ಆರ್ಡರ್ ಮುಗಿಸ್ಬೇಕು. ಯಜಮಾನ್ರು ಇವತ್ತು ಬರ್ತಾರೆ."

"ಬರ್ಲಿ. ನಾನೂ ಅವರಿಗೇ ಕಾಯ್ತಾ ಕೂತಿದ್ದೀನಿ."

ಬೀದಿಯವರು ಒಬ್ಬೊಬ್ಬರೇ ಸೇರತೊಡಗಿದರು. ಚಿಕ್ಕವನಿಗೆ ಅವಮಾನವಾಯಿತು, ದನಿ ಏರಿತು.

"ಅಪ್ಪನೂ ಇದೇ ಕೋಣೇಲಿ ಇದೇ ಕೆಲಸ ಮಾಡ್ಲಿಲ್ವಾ? ಹಲ್ಲು ಬೀಳೋವರೆಗೂ ಬದುಕಿದ್ದ. ಅವನ ಕಿಡ್ನಿ ಹೋಯ್ತಾ? ಅಣ್ಣನಿಗೆ ಬಿಪಿ ಇತ್ತು, ಅದಕ್ಕೇ ಹೀಗಾಯ್ತು. ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ!"

"ಹೌದೌದು," ಎಂದಳು ಅವನ ಹೆಂಡತಿ, ಬಾಗಿಲ ಮರೆಯಿಂದ. "ಗುಂಡುಕಲ್ಲು ಬೆಳಗಾದ್ರೆ ಸೊಂಟ ಹಿಡ್ಕೊಂಡೇ ಏಳುತ್ತೆ. ಅಣ್ಣನ ಡಬ್ಬೀಲಿದ್ದ ನೋವಿನ ಮಾತ್ರೆ ನುಂಗದೆ ಮಣೆ ಮೇಲೆ ಕೂರಲ್ಲ."

ಗುಂಪಿನಲ್ಲಿ ನಗು ಎದ್ದಿತು. ಚಿಕ್ಕವನು ನಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ದೊಡ್ಡವನು ಗೋಡೆ ಹಿಡಿದುಕೊಂಡು ಬಂದ. ಆಸ್ಪತ್ರೆಯಿಂದ ಬಂದ ಮೇಲೆ ಅವನ ಮುಖ ಬೂದಿ ಬಳಿದಂತಾಗಿತ್ತು. ಹೊಸ್ತಿಲಲ್ಲೇ ಕುಸಿದು ಕೂತ.

"ಅಪ್ಪನ ಮಾತು ತೆಗೀಬೇಡ ಕಣೋ," ಎಂದ ಮೆಲ್ಲಗೆ. "ಅಪ್ಪ ಈ ಬೆಸುಗೆ ಕಣ್ಣಲ್ಲೂ ಕಂಡಿರಲಿಲ್ಲ. ಚಿನ್ನಕ್ಕೆ ತಾಮ್ರ, ಬೆಳ್ಳಿ ಬೆರೆಸಿ ತಾನೇ ಮಾಡ್ಕೊಳ್ತಿದ್ದ. ಕರಗೋದು ನಿಧಾನ, ಬೆಂಕಿ ಜಾಸ್ತಿ ಬೇಕು, ಕೈ ಪಳಗಿರ್ಬೇಕು. ಈ ಮಾಲು ತಂದೋರು ಯಜಮಾನ್ರು. ಬೇಗ ಆಗುತ್ತೆ, ಜಾಸ್ತಿ ಮಾಡ್ಬಹುದು ಅಂದ್ರು. ನಾನೂ ಹೂಂ ಅಂದೆ."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕಾರು ನಿಂತಿತು. ಕಾರು ಒಳಗೆ ಬರುವಷ್ಟು ಬೀದಿ ಅಗಲವಿರಲಿಲ್ಲ. ಯಜಮಾನ ಇಸ್ತ್ರಿ ಅಂಗಿಯ ತೋಳು ಗೋಡೆಗೆ ತಾಗದಂತೆ ನಡೆದು ಬಂದ.

"ಏನಮ್ಮಾ ಇದು, ಇಷ್ಟು ಜನ? ಹೇಗಿದ್ದಾನೆ ನಮ್ಮ ದೊಡ್ಡವನು? ಪಾಪ, ಒಳ್ಳೇ ಕೆಲಸಗಾರ." ತಮ್ಮನ ಕಡೆ ತಿರುಗಿದ. "ಬಳೆ ಆಯ್ತೇನೋ?"

ಅತ್ತಿಗೆ ಎದ್ದು ನಿಂತಳು. "ಯಜಮಾನ್ರೇ, ನೀವು ಕೊಟ್ಟ ಬೆಸುಗೇಲಿ ವಿಷ ಇದೆ. ಅದರ ಹೊಗೆ ಕುಡಿದು ನನ್ನ ಗಂಡನ ಕಿಡ್ನಿ ಸತ್ತಿದೆ. ಡಾಕ್ಟರು ಹೇಳಿದಾರೆ."

"ಡಾಕ್ಟರು ನೂರು ಹೇಳ್ತಾರಮ್ಮ. ನಾನೇನು ಕುತ್ತಿಗೆ ಹಿಡ್ಕೊಂಡು ಮಾಡ್ಸಿದ್ನಾ? ಬೇಡ ಅಂದಿದ್ರೆ ಬಿಡಬಹುದಿತ್ತು. ಹಣೇಲಿ ಬರೆದದ್ದನ್ನ ಅಳಿಸೋಕಾಗುತ್ತಾ?"

ಅತ್ತಿಗೆ ಸೊಂಟದಿಂದ ಕೀಲಿಕೈ ತೆಗೆದಳು. ಬೀಗ ತೆರೆದು ಬಾಗಿಲನ್ನು ತಳ್ಳಿದಳು. ಒಳಗಿನಿಂದ ಹಳೆಯ ಹೊಗೆಯ ವಾಸನೆ ಹೊರಬಂತು.

"ಆಯ್ತು ಬಿಡಿ. ಇನ್ನೊಂದು ಚೂರು ಬೆಸುಗೆ ಬಾಕಿ ಇದೆಯಂತೆ. ಅದಾಗೋವರೆಗೆ ಒಳಗೆ ಬಂದು ಕೂತ್ಕೊಳ್ಳಿ. ನನ್ನ ಗಂಡನ ಮಣೆ ಖಾಲಿ ಇದೆ. ಕಿಟಕಿ ಮುಚ್ಚಿದೆ, ಫ್ಯಾನು ಹಾಕಲ್ಲ. ನಿಮ್ಮ ಚಿನ್ನದ ಪುಡಿ ಒಂದಿಷ್ಟೂ ಹಾರಲ್ಲ. ಬನ್ನಿ."

ಯಜಮಾನ ಒಂದು ಹೆಜ್ಜೆ ಹಿಂದಿಟ್ಟ. ಕರವಸ್ತ್ರ ಅವನಿಗೇ ತಿಳಿಯದಂತೆ ಮೂಗಿಗೆ ಹೋಯಿತು.

"ಇಲ್ಲ ಇಲ್ಲ, ನನಗೆ ಆ ಹೊಗೆ ಆಗ್ಬರಲ್ಲಮ್ಮ. ಬೆಸುಗೆ ಮಾಡೋ ಕಡೆ ನಿಲ್ಲಲೇಬೇಡಿ, ಅದು ಕಿಡ್ನಿಗೆ ಕೆಟ್ಟದ್ದು ಅಂತ ನಮ್ಮ ಡಾಕ್ಟ್ರು ಹೋದ ವರ್ಷಾನೇ..."

ಮಾತು ಅಲ್ಲಿಗೇ ನಿಂತಿತು. ಆದರೆ ಆಡಿದ ಮಾತು ಒಡೆದ ಮುತ್ತು.

"ಹೋದ ವರ್ಷಾನೇ?" ಎಂದ ಚಿಕ್ಕವನು.

"ಅದೂ... ನನಗೆ ಅಲರ್ಜಿ ಕಣೋ, ಅದಕ್ಕೆ..."

"ಈಗ ತಾನೇ ಕಿಡ್ನಿ ಅಂದ್ರಿ. ನನ್ನ ಕಿವಿ ಕಿವುಡಲ್ಲ." ಚಿಕ್ಕವನು ಒಂದು ಹೆಜ್ಜೆ ಮುಂದೆ ಬಂದ. "ಹೋದ ವರ್ಷ ನನ್ನಣ್ಣ ನಡ್ಕೊಂಡೇ ನಿಮ್ಮ ಅಂಗಡಿಗೆ ಬರ್ತಿದ್ದ. ನೀವು ನಿಮ್ಮ ಮೂಗು ಮುಚ್ಕೊಂಡ್ರಿ. ಅವನಿಗೆ ಒಂದು ಮಾತು ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ನೋಡು, ನಾಲಿಗೆ ಬಿಗಿ ಹಿಡಿದು ಮಾತಾಡು. ಕೆಲಸಗಾರರು ನೂರು ಜನ ಸಿಗ್ತಾರೆ ನನಗೆ."

"ಸಿಗ್ತಾರೆ. ನೂರು ಜನಕ್ಕೂ ನಾನೇ ಹೋಗಿ ಹೇಳ್ತೀನಿ."

ಚಿಕ್ಕವನು ಒಳಗೆ ಹೋದ. ಮಾಡಿದ್ದ ಬಳೆ, ಮಾಡದೆ ಉಳಿದ ಚಿನ್ನ, ಬೆಸುಗೆಯ ತುಂಡುಗಳು, ನೆಲದ ಧೂಳಿನ ಡಬ್ಬ ಎಲ್ಲವನ್ನೂ ತಂದು ಯಜಮಾನನ ಕಾಲ ಬಳಿ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟ. "ಎಲ್ಲ ಇದೆ, ನೋಡ್ಕೊಳ್ಳಿ. ನಿಮ್ಮದು ಒಂದು ಕಣವೂ ಕಮ್ಮಿ ಆಗಿಲ್ಲ. ಕಮ್ಮಿ ಆಗಿರೋದು ನಮ್ಮದು."

ಯಜಮಾನ ಎಲ್ಲವನ್ನೂ ಎತ್ತಿಕೊಂಡು ಹೋದ. ಹೊಸ್ತಿಲಲ್ಲಿ ಕೂತಿದ್ದ ದೊಡ್ಡವನು ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತ. ಅಷ್ಟು ದಿನ ಸೂಜಿ ಚುಚ್ಚಿದರೂ ಅಳದವನು, "ಅವರಿಗೆ ಗೊತ್ತಿತ್ತಾ? ಗೊತ್ತಿತ್ತಾ?" ಎಂದು ಮಗುವಿನಂತೆ ಕೇಳಿದ.

ಮರುದಿನವೇ ಚಿಕ್ಕವನು ಸಿಸ್ಟರ್ ಜೊತೆ ಆಸ್ಪತ್ರೆಗೆ ಹೋದ. ಡಾಕ್ಟರು ಬಾಯಿ ತೆರೆಯುವ ಮುಂಚೆಯೇ ಹೇಳಿದ: "ಸಾರ್, ನಾನು ಅಕ್ಕಸಾಲಿಗ. ಕ್ಯಾಡ್ಮಿಯಂ ಬೆಸುಗೆ ಮಾಡ್ತೀನಿ. ಮುಚ್ಚಿದ ಕೋಣೇಲಿ."

ಅವನ ಮೂತ್ರದಲ್ಲೂ ಪ್ರೋಟೀನ್ ಸೋರುತ್ತಿತ್ತು. ಗುಂಡುಕಲ್ಲಿನಲ್ಲಿ ಬಿರುಕು ಬಿಟ್ಟಿತ್ತು. "ಹೋದದ್ದು ವಾಪಸ್ ಬರಲ್ಲ," ಎಂದರು ಡಾಕ್ಟರು. "ಆದ್ರೆ ಇನ್ನೂ ತುಂಬಾ ಉಳಿದಿದೆ. ಇವತ್ತೇ ಆ ಹೊಗೆ ಬಿಡಿ. ನನ್ನನ್ನ ಕೇಳದೆ ನೋವಿನ ಮಾತ್ರೆ ಮುಟ್ಟಬೇಡಿ. ಸಿಗರೇಟ್ ಸೇದ್ತೀರಾ? ಅದರಲ್ಲೂ ಕ್ಯಾಡ್ಮಿಯಂ ಇದೆ, ಬಿಡಿ. ಬಿಪಿ ನೋಡಿಸ್ಕೊಳ್ತಾ ಇರಿ. ಹೇಳಿದಾಗೆಲ್ಲ ಪರೀಕ್ಷೆಗೆ ಬನ್ನಿ."

"ಮೂಗಿಗೆ ಬಟ್ಟೆ ಕಟ್ಕೊಂಡು ಮಾಡಿದ್ರೆ?"

"ಬಟ್ಟೆ ಧೂಳು ತಡೆಯಬಹುದು, ಹೊಗೆ ತಡೆಯಲ್ಲ. ಆ ಬೆಸುಗೆಯನ್ನೇ ಬಿಡೋದು ಒಂದೇ ದಾರಿ."

ಆ ವಾರವೆಲ್ಲ ಅತ್ತಿಗೆ, ಚಿಕ್ಕವನು, ಸಿಸ್ಟರ್ ಮೂವರೂ ಆ ಬೀದಿಯ ಒಂದೊಂದು ಕೆಲಸದ ಕೋಣೆಗೂ ಹೋದರು. ಕೆಲವರು ಕೂರಿಸಿ ಕೇಳಿದರು. ಕೆಲವರು ನಕ್ಕರು. "ಹೊಗೆಗೆ ಹೆದರಿದ್ರೆ ಅಕ್ಕಸಾಲಿ ಆಗ್ಬಾರ್ದಿತ್ತು" ಎಂದ ಒಬ್ಬ. ಅತ್ತಿಗೆ ಅವನ ಕೈ ಹಿಡಿದು ಎಳೆದುಕೊಂಡೇ ಹೋಗಿ ಡಯಾಲಿಸಿಸ್ ವಾರ್ಡಿನ ಬಾಗಿಲಲ್ಲಿ ನಿಲ್ಲಿಸಿದಳು. ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ಯಂತ್ರ ಸುತ್ತಿ ಒಳಗೆ ಬರುವುದನ್ನು ಅವನು ನೋಡಿದ. ವಾರಕ್ಕೆ ಮೂರು ದಿನ, ಬದುಕಿರುವವರೆಗೆ, ಅಥವಾ ಬೇರೆ ಕಿಡ್ನಿ ಸಿಗುವವರೆಗೆ. ಹಿಂದಿರುಗುವಾಗ, ಆ ಪರೀಕ್ಷೆ ಎಲ್ಲಿ ಮಾಡ್ತಾರೆ ಎಂದು ಅವನೇ ಕೇಳಿದ.

ಯಜಮಾನ ಬೇರೆ ಕೋಣೆಗಳ ಬಾಗಿಲು ತಟ್ಟಿದ. ಕ್ಯಾಡ್ಮಿಯಂ ಇಲ್ಲದ ಬೆಸುಗೆ ತಂದರೆ ಮಾತ್ರ ಕೆಲಸ ಎಂದರು ಬಹುತೇಕ ಎಲ್ಲರೂ. ಮದುವೆಗಳ ಕಾಲ ಬೇರೆ, ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು. ಕೊನೆಗೆ ತಂದ. ಹೊಗೆ ಎಳೆದು ಹೊರಗೆ ಹಾಕುವ ಫ್ಯಾನನ್ನೂ ಗೊಣಗುತ್ತಲೇ ಕೂರಿಸಿಕೊಟ್ಟ. ಆಮೇಲೆಯೇ ಚಿಕ್ಕವನು ಮತ್ತೆ ಮಣೆಯ ಮೇಲೆ ಕೂತ. ಯಜಮಾನ ಕ್ಷಮೆ ಕೇಳಲಿಲ್ಲ. ಅವನ ಮುಖ ನೋಡಿದಾಗೆಲ್ಲ ಇವತ್ತಿಗೂ ಅತ್ತಿಗೆಯ ಮೈ ಉರಿಯುತ್ತದೆ, ಉರಿಯಲಿ. ಆರಬಾರದ ಸಿಟ್ಟೂ ಇರುತ್ತದೆ.

ಬೀದಿಯ ಕೊನೆಯ ಒಂದು ಕೋಣೆಯಲ್ಲಿ ಇನ್ನೂ ಹಳೆಯ ಬೆಸುಗೆಯೇ ನಡೆಯುತ್ತಿದೆ. ಅಲ್ಲಿಗೆ ಸಿಸ್ಟರ್ ಇನ್ನೂ ಹೋಗಿ ಬರುತ್ತಿದ್ದಾಳೆ.

ಈ ಮನೆಯಲ್ಲಿ ಈಗ ಕೆಲಸದ ಕೋಣೆಯೊಳಗೆ ಯಾರೂ ಊಟ ಮಾಡುವುದಿಲ್ಲ, ನೀರೂ ಕುಡಿಯುವುದಿಲ್ಲ. ನೆಲವನ್ನು ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಚಿಕ್ಕವನು ಸೋಪು ಹಾಕಿ ಕೈ, ಮುಖ ತೊಳೆದು, ಬಟ್ಟೆ ಬದಲಿಸಿಯೇ ಮಕ್ಕಳನ್ನು ಎತ್ತಿಕೊಳ್ಳುತ್ತಾನೆ. ಕೆಲಸದ ಬಟ್ಟೆಯನ್ನು ಬೇರೆಯಾಗಿಯೇ ಒಗೆಯುತ್ತಾರೆ. ದೊಡ್ಡವನಿಗೆ ಮೈ ಸ್ವಲ್ಪ ಹಗುರವಾದ ದಿನ ಹೊರಗಿನ ಜಗಲಿಯಲ್ಲಿ ಕೂತು, ಅಪ್ಪ ತಾಮ್ರ, ಬೆಳ್ಳಿ ಬೆರೆಸುತ್ತಿದ್ದ ಹದವನ್ನು ತಮ್ಮನಿಗೆ ಬಾಯಲ್ಲಿ ಹೇಳಿಕೊಡುತ್ತಾನೆ. ಹೇಳುತ್ತಾ ಹೇಳುತ್ತಾ ಸುಸ್ತಾಗಿ ಗೋಡೆಗೆ ಒರಗುತ್ತಾನೆ.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ,

ಇದು ಅಕ್ಕಸಾಲಿಗರ ಕಥೆ ಮಾತ್ರ ಎಂದುಕೊಳ್ಳಬೇಡಿ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವವರು ನಿಮ್ಮಲ್ಲಿ ಇದ್ದಾರೆ. ಹಳೆಯ ಬಣ್ಣ ಕೆರೆಯುವವರು, ಲೋಹಕ್ಕೆ ಲೇಪ ಹಾಕುವವರು, ಗುಜರಿಯಲ್ಲಿ ಟಿವಿ, ಮೊಬೈಲು ಸುಟ್ಟು ತಂತಿ ತೆಗೆಯುವವರು ಇದ್ದಾರೆ. ಸೀಸ, ಕ್ಯಾಡ್ಮಿಯಂ, ಪಾದರಸ ಇವು ಕಿಡ್ನಿಯನ್ನು ಸದ್ದಿಲ್ಲದೆ ತಿನ್ನುತ್ತವೆ. ಮನೆಯಲ್ಲೇ ಈ ಕೆಲಸ ನಡೆದರೆ ಮಕ್ಕಳ ಮೈಗೂ ಸೇರುತ್ತವೆ.

ಕಾಲು ಊದುವವರೆಗೆ ಕಾಯಬೇಡಿ. ಇಂಥ ಕೆಲಸದಲ್ಲಿದ್ದರೆ ಚೆನ್ನಾಗಿರುವಾಗಲೇ ಹೋಗಿ ರಕ್ತ, ಮೂತ್ರ, ಬಿಪಿ ಪರೀಕ್ಷೆ ಮಾಡಿಸಿ. ಡಾಕ್ಟರು ಕೇಳದಿದ್ದರೂ ನಿಮ್ಮ ಕೆಲಸ ಏನು ಎಂದು ಹೇಳಿ. ಕೆಲಸಕ್ಕೆ ಕೊಡುವ ಮಾಲಿನಲ್ಲಿ ಏನಿದೆ ಎಂದು ಯಜಮಾನರನ್ನು ಕೇಳಿ. ಒಬ್ಬರೇ ಕೇಳಿದರೆ ಗದರಿಸುತ್ತಾರೆ, ಹತ್ತು ಜನ ಸೇರಿ ಕೇಳಿ.

ಇದನ್ನು ಕೇಳಿ ನಿಮಗೆ ಸಿಟ್ಟು ಬಂದಿದ್ದರೆ ಒಳ್ಳೆಯದೇ. ಆ ಸಿಟ್ಟನ್ನು ಹಣೆಬರಹದ ಮೇಲೆ ತೀರಿಸಿಕೊಂಡು ಸುಮ್ಮನಾಗಬೇಡಿ. ನಿಮ್ಮ ಮನೆಯಲ್ಲಿ ದುಡಿಯುವವರ ಕೈ ಹಿಡಿದುಕೊಂಡು ಈ ವಾರವೇ ಆಸ್ಪತ್ರೆಗೆ ಹೋಗಿ. ಬರಲ್ಲ ಎಂದರೆ ಜಗಳ ಆಡಿ. ಜಗಳ ಆಡಿದರೆ ನಾಲ್ಕು ದಿನ ಮಾತು ಬಿಡಬಹುದು, ಆಮೇಲೆ ಅವರೇ ಬಂದು ಮಾತಾಡಿಸುತ್ತಾರೆ. ಕಿಡ್ನಿ ಹಾಗೆ ತಿರುಗಿ ಬರುವುದಿಲ್ಲ.